ನಕ್ಷತ್ರದ ಕೆಳಗಿನ ಗುಳ್ಳೆ

ಮೂವತ್ತೆಂಟು ವರ್ಷ ಕುಲುಮೆಯ ಮುಂದೆ ನಿಂತು ಗಾಜು ಊದಿದವನು ನಾನು. ನಮ್ಮ ಗಾಜಿನ ಊರು ನೋವಿ ಬೋರಿನಲ್ಲಿ ಈಗಲೂ ಜನ ನನ್ನನ್ನು ವೆಂದಾ ಅನ್ನದೆ ಮೇಸ್ತ್ರಿ ಅಂತಲೇ ಕರೆಯುತ್ತಾರೆ. ಅಂಥ ಮೇಸ್ತ್ರಿ ಹೋದ ಅಕ್ಟೋಬರಿನಲ್ಲಿ ಅಂಗಡಿಗೆ ಹೋಗಿ, ಹೆಬ್ಬೆರಳು ಗಾತ್ರದ ಗಾಜಿನ ತುಂಡೊಂದನ್ನು ದುಡ್ಡು ಕೊಟ್ಟು ಕೊಂಡ. ಅದೂ ಅಳತೆ ತಪ್ಪಿದ್ದು. ಊರಿನವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಅವರು ಹೇಳಿದರೆ ನಾನು ಇನ್ನೂ ದಡ್ಡನಾಗಿ ಕಾಣುತ್ತೇನೆ.

ಶುರುವಾಗಿದ್ದು ಆಗಸ್ಟಿನಲ್ಲಿ. ನನ್ನ ಹೆಂಡತಿ ಯರ್ಮಿಲಾ ಕೆಮ್ಮು ತೋರಿಸಿಕೊಳ್ಳಲು ಹೋಗಿದ್ದಳು. ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದು, "ದಿನಕ್ಕೆ ಎಷ್ಟು ಸಿಗರೇಟು ಸೇದ್ತೀರಮ್ಮಾ?" ಅಂತ ಕೇಳಿದರಂತೆ. ಅವಳು ಜನ್ಮದಲ್ಲಿ ಒಂದು ಸಿಗರೇಟು ಮುಟ್ಟಿದವಳಲ್ಲ. ಸೇದಿದ್ದೆಲ್ಲ ನಾನು, ಅವಳ ಅಡುಗೆಮನೆಯಲ್ಲಿ ಕೂತು. ಮನೆಗೆ ಬಂದವಳು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿಸಿ ಹೇಳಿ ಹಗುರಾಗುತ್ತಿದ್ದೆ. ಸುಮ್ಮನೆ ಚೀಲ ತುಂಬಿದಳು.

"ಲಿಬೆರೆಟ್ಸಿಗೆ, ತಂಗಿ ಮನೆಗೆ ಹೋಗ್ತಿದೀನಿ. ನವೆಂಬರ್ ಹನ್ನೊಂದಕ್ಕೆ, ಮಾರ್ಟಿನ್ ಹಬ್ಬದೂಟಕ್ಕೆ ಬರ್ತೀನಿ. ಅಲ್ಲೀತನಕ ನೀನು ಒಂದೂ ಹಚ್ಚದೇ ಇದ್ರೆ ಇಲ್ಲೇ ಇರ್ತೀನಿ. ಹಚ್ಚಿದ್ರೆ, ಹಬ್ಬದ ಹೆಬ್ಬಾತು ತಿಂದು ನಾಲ್ಕು ಗಂಟೆ ಬಸ್ಸಿಗೆ ವಾಪಸ್."

"ಹಚ್ಚಿದೀನೋ ಇಲ್ವೋ ನಿಂಗೆ ಹೇಗೆ ಗೊತ್ತಾಗುತ್ತೆ?"

"ನಿನ್ನನ್ನೇ ಕೇಳ್ತೀನಿ," ಅಂದಳು.

ಅಲ್ಲಿಗೆ ನಾನು ಸಿಕ್ಕಿಬಿದ್ದೆ. ಯಾಕೆ ಅಂತ ಗೊತ್ತಾಗಬೇಕಾದರೆ ಅವಳ ಕೆಲಸ ಏನಿತ್ತು ಅಂತ ಹೇಳಬೇಕು. ಯರ್ಮಿಲಾ ನಮ್ಮದೇ ಕಾರ್ಖಾನೆಯಲ್ಲಿ ಮಾಲು ಪರೀಕ್ಷೆ ಮಾಡುತ್ತಿದ್ದವಳು. ನಾವು ಊದಿ, ಕೆತ್ತಿ ಕಳಿಸಿದ್ದೆಲ್ಲ ಅವಳ ಮೇಜಿಗೆ ಹೋಗುತ್ತಿತ್ತು. ಅವಳು ಬೆಳಕಿಗೆ ಹಿಡಿದು ನೋಡಿ, ಕೆಂಪು ಮೇಣದ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಿದ್ದಳು. ಒಂದು ಗೆರೆ ಹಾಕಿದರೆ ಮೊದಲ ದರ್ಜೆ, ಪರದೇಶಕ್ಕೆ. ಪಕ್ಕಪಕ್ಕ ಎರಡು ಗೆರೆ ಹಾಕಿದರೆ ಎರಡನೇ ದರ್ಜೆ, ಸಣ್ಣ ಕುಂದಿದೆ ಅಂತ ಅರ್ಥ. ಅದನ್ನು ಕೆಲಸದವರು ಅಗ್ಗಕ್ಕೆ ಮನೆಗೆ ಒಯ್ಯಬಹುದಿತ್ತು. ಗೆರೆಗಳು ಒಂದನ್ನೊಂದು ಅಡ್ಡ ದಾಟಿದರೆ ಮುಗಿಯಿತು, ಒಡೆದು ಚೂರಿನ ತೊಟ್ಟಿಗೆ. ಈ ಊರಿನ ಯಾವ ಮನೆಯ ಕಪಾಟು ತೆರೆದರೂ ಎರಡು ಗೆರೆಯ ಗ್ಲಾಸುಗಳೇ. ನಮ್ಮ ಮಕ್ಕಳು ಹಾಲು ಕುಡಿದು ಬೆಳೆದದ್ದೂ ಅವುಗಳಲ್ಲೇ.

ಎಂಬತ್ತಮೂರನೇ ಇಸವಿಯಲ್ಲಿ ನನ್ನದೊಂದು ಹೂದಾನಿಯಲ್ಲಿ ಗುಳ್ಳೆ ಉಳಿದುಬಿಟ್ಟಿತು. ಗುಳ್ಳೆಯ ಮೇಲೆ ಆರು ಮೊನೆಯ ನಕ್ಷತ್ರ ಕೆತ್ತಿ ಮುಚ್ಚಿದೆ. ಈ ವಿದ್ಯೆಯಲ್ಲಿ ನಾನು ಪಳಗಿದ ಕೈ. ಎಷ್ಟೋ ಹುಳುಕುಗಳು ನಕ್ಷತ್ರಗಳ ಕೆಳಗೆ ಅಡಗಿ ಪರದೇಶ ಸೇರಿದ್ದವು. ಆಗ ಹೊಸದಾಗಿ ಬಂದ ಇಪ್ಪತ್ತೆರಡರ ಹುಡುಗಿ ಅದರ ಮೇಲೆ ಹೆಬ್ಬೆರಳ ಉಗುರು ಆಡಿಸಿ, "ಇದರ ಕೆಳಗೇನಿದೆ?" ಅಂದಳು. "ಏನೂ ಇಲ್ಲ," ಅಂದೆ. ಅವಳು ನನ್ನ ಮುಖ ನೋಡಿಕೊಂಡೇ ಅಡ್ಡ ಗೆರೆ ಎಳೆದು ಹೂದಾನಿಯನ್ನು ತೊಟ್ಟಿಗೆ ಬಿಸಾಕಿದಳು. ಆ ಸಿಟ್ಟಿಗೆ ಕಾರ್ಖಾನೆಯ ಕುಣಿತದ ದಿನ ಅವಳನ್ನೇ ಕುಣಿಯಲು ಕರೆದೆ, ಆಮೇಲೆ ಮದುವೆಯಾದೆ. ನನ್ನ ಸಿಟ್ಟು ಯಾವತ್ತೂ ಹೀಗೇ ನನಗೇ ತಿರುಗುತ್ತದೆ.

ಅವಳು ಹೋದ ಮಾರನೇ ದಿನವೇ ಇಲೋನಾಳ ಅಂಗಡಿಗೆ ಹೋಗಿ ವೇಪ್ ಅನ್ನುವ ಬ್ಯಾಟರಿ ಯಂತ್ರ ತಂದೆ. ಹೊಗೆಯಿಲ್ಲ, ಬೆಂಕಿಯಿಲ್ಲ, ಒಂದು ಗಾಜಿನ ಕೊಳವೆಯೊಳಗೆ ಪ್ಲಮ್ ವಾಸನೆಯ ನಿಕೋಟಿನ್ ರಸ. ಅದರ ಆವಿ ಸೇದುವುದು. ಅದನ್ನೂ ಮನೆಯೊಳಗೆ ಸೇದದೆ ಹಿತ್ತಿಲಲ್ಲಿ ನಿಂತು ಸೇದಿದೆ. ಹತ್ತು ವಾರ ಒಂದು ಸಿಗರೇಟೂ ಮುಟ್ಟಲಿಲ್ಲ. ಸಿಕ್ಕಸಿಕ್ಕವರಿಗೆ ಜಂಭ ಕೊಚ್ಚಿಕೊಂಡೆ. ಅಕ್ಟೋಬರ್ ಇಪ್ಪತ್ತಕ್ಕೆ ಅದು ಬಚ್ಚಲ ಕಟ್ಟೆಯ ಮೇಲೆ ಕೈಜಾರಿ ಬಿತ್ತು. ಮಿಕ್ಕಿದ್ದಕ್ಕೆ ಏನೂ ಆಗಲಿಲ್ಲ, ಗಾಜು ಮಾತ್ರ ಚೂರಾಯಿತು. ಮೂವತ್ತೆಂಟು ವರ್ಷ ಕಾದ ಗಾಜು ಬೀಳಿಸದ ಕೈ ಇದು.

"ಮೇಸ್ತ್ರೀ, ನಿಮ್ಮ ಮಾಡೆಲ್ಲು ಬರೋದು ನಿಂತುಹೋಯ್ತು," ಅಂದಳು ಇಲೋನಾ, ಬರೀ ಗಾಜು ಕೇಳಲು ಹೋದಾಗ. "ಇದು ಹೆಚ್ಚುಕಮ್ಮಿ ಅದೇ ಅಳತೆ."

"ಹೆಚ್ಚೋ, ಕಮ್ಮಿಯೋ?"

"ಹಾಕಿ ನೋಡಿದ್ರೆ ತಾನೆ ಗೊತ್ತಾಗೋದು! ನ್ಯಾಯವಾಗಿ ಗಾಜು ನೀವು ನಂಗೆ ಮಾರ್ಬೇಕಿತ್ತು."

ನನ್ನ ಬೋಳುತಲೆ ಕೆಂಪಾಯಿತು. ಆ ಕೊಳವೆ ಕಮ್ಮಿಯೇ ಇತ್ತು ಅಂತ ಗೊತ್ತಾಗಿದ್ದು ಔಷಧಿ ಅಂಗಡಿಯ ಸಾಲಿನಲ್ಲಿ. ಗಾಜಿಗೂ ಮುಚ್ಚಳಕ್ಕೂ ನಡುವೆ ಕೂದಲೆಳೆಯಷ್ಟು ಸಂದು. ರಸವೆಲ್ಲ ಪ್ಯಾಂಟಿನ ಜೇಬಿಗೆ ಇಳಿದು, ಇಳಿಯಬಾರದ ಜಾಗದಲ್ಲಿ ಕಂದು ಕಲೆ ಮೂಡಿತ್ತು. ಹಿಂದಿದ್ದ ಮುದುಕಿ ಕನಿಕರದಿಂದ, "ನೀವು ಮುಂದೆ ಹೋಗಿಪ್ಪಾ, ನಮ್ಮೆಜಮಾನ್ರಿಗೂ ಹೀಗೇ ಆಗೋದು," ಅಂದು ಜಾಗ ಬಿಟ್ಟಳು. ನಾನು ನಾಚಿಕೆಯಿಲ್ಲದೆ ಮುಂದೆ ಹೋದೆ.

ಎರಡನೆಯದು ಉದ್ದವಾಯಿತು, ಮುಚ್ಚಳ ಕೂರಲಿಲ್ಲ. ಬಲವಂತವಾಗಿ ತಿರುಗಿಸಿದಾಗ ಚಟ್ ಅಂದಿತು. ಮೂರನೆಯದು ಹೊಟ್ಟೆ ಉಬ್ಬಿಸಿಕೊಂಡಿತ್ತು. ಕೆಳಗೆ ಕೂತರೆ ಮೇಲೆ ಅಲುಗುತ್ತಿತ್ತು, ಮೇಲೆ ಕೂತರೆ ಕೆಳಗೆ ಸೋರುತ್ತಿತ್ತು. ಹತ್ತು ದಿನ ಜೀರಿಗೆ ಅಗಿದೆ, ಪುದೀನ ಅಗಿದೆ, ಪೆನ್ಸಿಲ್ ಕೂಡ ಅಗಿದೆ. ಇಲೋನಾ ಬೇರೆ ವೇಪ್ ತೋರಿಸಿದಳು. ಅದನ್ನು ಕೊಂಡಿದ್ದರೆ ಈ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮೇಸ್ತ್ರಿಯ ಜಂಭಕ್ಕೆ ಪೆಟ್ಟಾಗಿತ್ತು. ಒಂದು ಗಾಜಿನ ಕೊಳವೆ ನನ್ನ ಕೈಲಿ ಆಗುವುದಿಲ್ಲವೇ?

ಕಾರ್ಖಾನೆ ಮುಚ್ಚಿ ವರ್ಷಗಳಾದವು. ಅದರ ಹಿಂದಿನ ಶೆಡ್ಡಿನಲ್ಲಿ ಹಳೆಯ ಜೊತೆಗಾರ ಓಲ್ದಾ ಒಂದು ಸಣ್ಣ ಕುಲುಮೆ ಇಟ್ಟುಕೊಂಡು ಕ್ರಿಸ್‌ಮಸ್ ಮರಕ್ಕೆ ತೂಗುಹಾಕುವ ಗಾಜಿನ ಗುಂಡುಗಳನ್ನು ಊದುತ್ತಾನೆ. ನವೆಂಬರ್ ನಾಲ್ಕಕ್ಕೆ ಅವನ ಬಳಿ ಹೋದೆ.

"ಏನು ಮಾರಾಯ, ಹೂಜಿ ಮಾಡ್ತೀಯಾ?"

"ಇಲ್ಲ. ಇಷ್ಟೇ ಇಷ್ಟು," ಅಂತ ಹೆಬ್ಬೆರಳು ತೋರಿಸಿದೆ.

ಓಲ್ದಾ ಕೂತಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕ. "ಯರ್ಮಿಲಾ ಬಿಟ್ಟುಹೋದ್ಮೇಲೆ ನಿನ್ನ ಮಾಲು ಸಣ್ಣದಾಗ್ತಾ ಬಂತಲ್ಲೋ!"

ಊದಿದೆ, ಕೊಯ್ದೆ, ಎರಡೂ ಬಾಯಿ ಉಜ್ಜಿ ನಯ ಮಾಡಿದೆ. ಸುತ್ತಳತೆ, ಎತ್ತರ ಎಲ್ಲ ಕರಾರುವಾಕ್ಕು. ವೇಪಿಗೆ ಹಾಕಿದರೆ ಮುಚ್ಚಳ ತಿರುಗಲೇ ಇಲ್ಲ. ಮೇಲೊಂದು ಕೆಳಗೊಂದು ರಬ್ಬರ್ ವಾಷರ್ ಇರುತ್ತದಲ್ಲ, ಅವುಗಳ ದಪ್ಪ ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಹೂಜಿಗೆ ಗಾಜಿನ ಬಿರಡೆಯನ್ನು ಉಜ್ಜಿ ಕೂರಿಸಿದವರು ನಾವು. ನಡುವೆ ರಬ್ಬರ್ ಇಟ್ಟರೆ ಕೈಲಾಗದವನು ಅಂತ ನಗುತ್ತಿದ್ದೆವು. ಆ ಠೇಂಕಾರವೇ ನನಗೆ ಕೈಕೊಟ್ಟಿತು.

ಓಲ್ದಾ ಈಗ ನಗಲಿಲ್ಲ. ಅದು ಇನ್ನೂ ಅವಮಾನ. ಸಿಗರೇಟಿನ ಪ್ಯಾಕೆಟ್ಟನ್ನು ಮೇಜಿನ ಮೇಲಿಟ್ಟು, "ನಾನೇನೂ ನೋಡಿಲ್ಲಪ್ಪ," ಅಂತ ಬೆನ್ನು ತಿರುಗಿಸಿದ.

ಶೆಡ್ಡಿನ ಹಿಂದೆ, ಹಾಡಹಗಲಲ್ಲಿ ಒಂದು ಹಚ್ಚಿದೆ. ಸುಳ್ಳೇಕೆ ಹೇಳಲಿ, ಸ್ವರ್ಗ ಸಿಕ್ಕಂತಾಯಿತು. ಅದರ ಕಿಡಿಯಿಂದಲೇ ಎರಡನೆಯದನ್ನು ಹಚ್ಚಿದೆ. ಅದು ಅರ್ಧಕ್ಕೆ ಬರುವಾಗ ಯರ್ಮಿಲಾಳ ಎಕ್ಸ್‌ರೇ ನೆನಪಾಗಿ ಅಳು ಬಂತು. ಅಳುತ್ತಲೇ ಉಳಿದರ್ಧವನ್ನೂ ಸೇದಿ ಮುಗಿಸಿದೆ. ನನ್ನ ಯೋಗ್ಯತೆ ಅಷ್ಟೇ.

ಒಳಗೆ ಬಂದು ಇನ್ನೊಂದು ಕೊಳವೆ ಊದಿದೆ. ಈ ಸಲ ವಾಷರನ್ನೂ ಲೆಕ್ಕ ಹಾಕಿದೆ. ಮುಚ್ಚಳ ಬೆಣ್ಣೆಯಂತೆ ಕೂತಿತು, ಒಂದು ಹನಿ ಸೋರಲಿಲ್ಲ. ಆದರೆ ಉಸಿರು ಕೆಟ್ಟಿತ್ತೋ ಏನೋ, ಗಾಜಿನಲ್ಲಿ ಸಾಸಿವೆಯಷ್ಟು ಗುಳ್ಳೆ. ಯೋಚನೆ ಮಾಡುವ ಮೊದಲೇ ಕೈ ಉಜ್ಜುಚಕ್ರದ ಹತ್ತಿರ ಹೋಗಿ ಅದರ ಮೇಲೊಂದು ಆರು ಮೊನೆಯ ನಕ್ಷತ್ರ ಕೆತ್ತಿತ್ತು. ಆ ಎರಡು ಸಿಗರೇಟನ್ನೂ ಹೀಗೇ ಮುಚ್ಚಿಬಿಡಬೇಕು ಅಂತ ಮನೆಯ ದಾರಿಯಲ್ಲಿ ತೀರ್ಮಾನಿಸಿದೆ. ಕಂಡವನು ಓಲ್ದಾ ಒಬ್ಬ, ಅವನೂ ಕಂಡಿಲ್ಲ ಅಂದುಬಿಟ್ಟಿದ್ದ.

ಹನ್ನೊಂದರ ಮಧ್ಯಾಹ್ನ ಯರ್ಮಿಲಾ ಬಂದಳು. ಸ್ವಲ್ಪ ತೆಳ್ಳಗಾಗಿದ್ದಳು. ಕೋಟು ಬಿಚ್ಚಿದರೂ ಚೀಲವನ್ನು ಬಾಗಿಲ ಹತ್ತಿರವೇ ಇಟ್ಟಳು. ಪರದೆ ಮೂಸಿದಳು, ಸೋಫಾ ಮೂಸಿದಳು. ನಾನು ಹುರಿದ ಹೆಬ್ಬಾತು, ಕೆಂಪು ಕೋಸು, ಕಡುಬು ಬಡಿಸಿದೆ. ಬಾತು ಒಂದು ಕಡೆ ಸೀದಿತ್ತು, ಇನ್ನೊಂದು ಕಡೆ ಬೆಂದಿರಲಿಲ್ಲ. ಅವಳು ನಡುವಿನದನ್ನು ಹುಡುಕಿ ತಿಂದಳು.

"ಕೆಮ್ಮು ಹೇಗಿದೆ?"

"ಕಮ್ಮಿ. ಅಲ್ಲಿ ಹೊಗೆ ಇಲ್ವಲ್ಲ."

ಮಾತು ಬೇರೆ ಕಡೆ ತಿರುಗಲಿ ಅಂತ ವೇಪ್ ತೆಗೆದು ಅವಳ ಮುಂದಿಟ್ಟೆ. ಮುಚ್ಚಿಡಬೇಕಾದ ವಸ್ತುವನ್ನು ಪರೀಕ್ಷಕಿಯ ಕೈಗೆ ತಾನಾಗಿಯೇ ಕೊಡುವವನು ಈ ಊರಿನಲ್ಲಿ ನಾನೊಬ್ಬನೇ ಇರಬೇಕು.

"ಗಾಜು ನಾನೇ ಮಾಡಿದ್ದು," ಅಂದೆ, ಹಲ್ಲು ಕಿರಿದು. "ಒಂದು ಹನಿ ಸೋರಲ್ಲ."

ಅವಳು ಕನ್ನಡಕ ಹಾಕಿಕೊಂಡಳು. ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿದಳು. ನಕ್ಷತ್ರದ ಮೇಲೆ ಹೆಬ್ಬೆರಳ ಉಗುರು ಒಂದು ಸಲ ಹೋಗಿ ಒಂದು ಸಲ ಬಂತು.

"ವೆಂದಾ, ಇದರ ಕೆಳಗೇನಿದೆ?"

ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಇಪ್ಪತ್ತು ನಿಮಿಷ. ಏನೂ ಇಲ್ಲ ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳಿಗೊಂದು ಕೆಮ್ಮು ಬಂತು. ಸಣ್ಣದು. ಕೈಯಿಂದ ಬಾಯಿ ಮುಚ್ಚಿಕೊಂಡಳು, ನನಗೆ ಕೇಳಿಸಬಾರದು ಅನ್ನುವ ಹಾಗೆ.

"ಗುಳ್ಳೆ," ಅಂದೆ. "ಮತ್ತೆ ಎರಡು ಸಿಗರೇಟು. ನಾಲ್ಕನೇ ತಾರೀಕು, ಓಲ್ದಾನ ಶೆಡ್ಡಿನ ಹಿಂದೆ. ಮೊದಲ್ನೇದು ತಡ್ಕೊಳ್ಳಕ್ಕಾಗದೆ ಸೇದಿದ್ದು. ಎರಡನೇದು ಚೆನ್ನಾಗಿತ್ತು ಅಂತ. ಆಮೇಲೆ ಮುಟ್ಟಿಲ್ಲ. ನೀನಿಲ್ದೆ ನಂಗೆ ಆಗಲ್ಲ ಯರ್ಮಿಲಾ."

ಅವಳು ವೇಪನ್ನು ಮೇಜಿನ ಮೇಲಿಟ್ಟು ಎದ್ದಳು. ಬಾಗಿಲ ಹತ್ತಿರ ಹೋಗಿ ಚೀಲ ತೆರೆದಳು. ಬಸ್ಸಿನ ಚೀಟಿ ತೆಗೆಯುತ್ತಾಳೆ ಅಂದುಕೊಂಡೆ. ತೆಗೆದದ್ದು ತುಟಿಗೆ ಹಚ್ಚುವ ಕೆಂಪು ಬಣ್ಣದ ಕಡ್ಡಿ. ಬಂದು ನನ್ನ ಹಿಂದೆ ನಿಂತಳು.

"ತಲೆ ಬಗ್ಗಿಸು. ಅಲುಗಾಡ್ಬೇಡ."

ನನ್ನ ಬೋಳುತಲೆಯ ಮೇಲೆ ಒಂದು ಗೆರೆ ಎಳೆದಳು. ತಣ್ಣಗಿತ್ತು. ಒಂದಕ್ಕೇ ನಿಲ್ಲಿಸುತ್ತಾಳೆ ಅನ್ನುವ ಆಸೆ ನನಗಿರಲಿಲ್ಲ. ಮೊದಲ ದರ್ಜೆಯವನಲ್ಲ ನಾನು. ಎರಡನೆಯದು ಯಾವ ಕಡೆಯಿಂದ ಬರುತ್ತದೆ ಅನ್ನುವುದಷ್ಟೇ ಉಳಿದಿತ್ತು. ಕಣ್ಣು ಮುಚ್ಚಿಕೊಂಡೆ. ಹೊರಗೆ ಬಸ್ ನಿಲ್ದಾಣದಲ್ಲಿ ಯಾರೋ ಮಾತಾಡುತ್ತಿದ್ದರು.

ಎರಡನೆಯ ಗೆರೆ ಮೊದಲನೆಯದನ್ನು ದಾಟಲಿಲ್ಲ. ಅದರ ಪಕ್ಕದಲ್ಲೇ ಉದ್ದಕ್ಕೆ ಇಳಿದು, ಕಿವಿಯ ಹತ್ತಿರ ನಿಂತಿತು.