ಅಕಾಬಾದಲ್ಲೇ ನಿಂತುಹೋದ ಚರಿತ್ರೆ

ಜರ್ಕಾದ ಕಾರು ಬಜಾರಿನಲ್ಲಿ ಅಬು ಹಾಯಿಲ್ ಎಂದು ನನ್ನ ಹೆಸರು ಹೇಳಿ ನೋಡಿ, ಕೆಟ್ಟು ನಿಂತ ಗಾಡಿಗಳು ತಾವಾಗಿ ಶುರುವಾಗುತ್ತವೆ. ಹಳೇ ಕಾರಿನ ದಲ್ಲಾಳಿಗಳಲ್ಲಿ ನನ್ನಂಥವನು ಈ ನೆಲದಲ್ಲಿ ಹಿಂದೆ ಹುಟ್ಟಲಿಲ್ಲ, ಮುಂದೆ ಹುಟ್ಟಿದರೂ ನನ್ನ ಅಪ್ಪಣೆ ಕೇಳಿಯೇ ಹುಟ್ಟಬೇಕು. ಬಾಗಿಲು ತೆರೆದು ಒಮ್ಮೆ ಮೂಗೆಳೆದರೆ ಸಾಕು, ಆ ಕಾರಿನ ಹಿಂದಿನ ಮಾಲೀಕ ಏನು ಉಣ್ಣುತ್ತಿದ್ದ, ಹೆಂಡತಿಯ ಜೊತೆ ಯಾವ ವಾರ ಮಾತು ಬಿಟ್ಟಿದ್ದ, ಎಲ್ಲ ಹೇಳಿಬಿಡುತ್ತೇನೆ. ನೂರಕ್ಕೆ ನೂರಾಹತ್ತು ಸಲ ಸರಿಯಾಗಿರುತ್ತದೆ. ಇದನ್ನು ನಂಬದ ಜೀವ ಇಡೀ ಜೋರ್ಡಾನಿನಲ್ಲಿ ಒಂದೇ ಒಂದು. ಅದು ನನ್ನ ತಂಗಿಯ ಮಗಳು ರನೀಮ್.

ರನೀಮ್ ಇರುವುದು ಸಲ್ತ್ ಊರಿನ ಗುಡ್ಡದ ಮೇಲೆ, ಲೆಕ್ಕದ ಪಾಠ ಹೇಳುವುದು ಕೆಳಗೆ ಕಣಿವೆಯ ದೇರ್ ಅಲ್ಲಾದ ಹೆಣ್ಣುಮಕ್ಕಳ ಶಾಲೆಯಲ್ಲಿ. ನಡುವಿನ ರಸ್ತೆ ಹೇಗೆಂದರೆ, ಇಳಿಯುವಾಗ ನಿಮ್ಮ ಕಿವಿ ಮುಚ್ಚುತ್ತದೆ, ಹೊಟ್ಟೆ ಗಂಟಲಿಗೆ ಬರುತ್ತದೆ, ಎದುರಿನ ಲಾರಿಯವನ ಹಲ್ಲು ಎಣಿಸಬಹುದು. ಅವಳ ಜೊತೆ ಇನ್ನೂ ಮೂವರು ಟೀಚರುಗಳು ದಿನಾ ಅದೇ ಕಾರಿನಲ್ಲಿ ಇಳಿಯುತ್ತಿದ್ದರು. ಆ ಕಾರು ಬೇಸಿಗೆಯಲ್ಲಿ ಪ್ರಾಣ ಬಿಟ್ಟಿತು. ನಮ್ಮಲ್ಲಿ ವಾರ ಶುರುವಾಗುವುದೇ ಭಾನುವಾರ, ಅವತ್ತೇ ಶಾಲೆ ಶುರು, ಶುಕ್ರವಾರವಾದರೂ ಕೈಯಲ್ಲಿ ಗಾಡಿ ಇಲ್ಲ. ಆಗ ಸಿಕ್ಕಿದ್ದು ಮಾದಬಾ ಹತ್ತಿರದ ಹಳ್ಳಿಯ ಹಾಜಿ ಮುಫ್ಲೆಹ್ ಎಂಬುವವರ ಬಿಳೀ ಕಾರು. ಅಮೆರಿಕದಲ್ಲಿ ಓಡಿ, ಹಡಗು ಹತ್ತಿ ನಮ್ಮ ಅಕಾಬಾ ಬಂದರಿಗೆ ಬಂದಿಳಿದದ್ದು.

ನನ್ನನ್ನು ಅವಳು ಕರೆದದ್ದು ಸಲಹೆಗಲ್ಲ. ಹೆಣ್ಣೊಬ್ಬಳೇ ಕೊಳ್ಳಲು ಹೋದರೆ ಬೆಲೆ ಏರಿಸುತ್ತಾರೆ, ಪಕ್ಕದಲ್ಲಿ ಒಂದು ಮೀಸೆ ಇರಲಿ ಅಂತ. ಅದನ್ನು ನನ್ನ ಮುಖಕ್ಕೇ ಹೇಳಿದಳು. ದಾರಿಯುದ್ದಕ್ಕೂ ಅವಳ ತೊಡೆಯ ಮೇಲೆ ಒಂದು ಕಾಗದದ ಕಟ್ಟು. ಕಾರಿನ ನಂಬರು ಕೊಟ್ಟು ಅಮೆರಿಕದಿಂದ ತರಿಸಿದ ಚರಿತ್ರೆಯ ವರದಿ. ಒಬ್ಬಳೇ ಮಾಲೀಕಳು, ನಿವೃತ್ತ ನರ್ಸು. ಕಾಲಕಾಲಕ್ಕೆ ಆಯಿಲ್ ಬದಲಾವಣೆ. ಅಪಘಾತ ಇಲ್ಲ, ಪ್ರವಾಹ ಇಲ್ಲ, ಬೆಂಕಿ ಇಲ್ಲ. ನನ್ನ ಮದುವೆಗೆ ಮುಂಚೆ ಹೆಂಡತಿಯ ಮನೆಯವರು ನನ್ನ ಬಗ್ಗೆ ವಿಚಾರಿಸಿದಾಗಲೂ ಇಷ್ಟು ಒಳ್ಳೇ ವರದಿ ಬಂದಿರಲಿಲ್ಲ. ಜೊತೆಗೆ ನಮ್ಮ ತಪಾಸಣೆ ಕೇಂದ್ರದ ಚೀಟಿ: ಚಾಸಿ, ಅಂದರೆ ಗಾಡಿಯ ಅಡಿಚೌಕಟ್ಟು, ಅದರ ನಾಲ್ಕೂ ಮೂಲೆ "ಒಳ್ಳೇದು". ನಾಲ್ಕು ಒಳ್ಳೇದು ಅಂದರೆ ನಮ್ಮಲ್ಲಿ ಮುಗಿಯಿತು, ಮದುವೆ ಹೆಣ್ಣಿಗೂ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಡ.

ಹಾಜಿಯ ಅಂಗಳದಲ್ಲಿ ಕಾರು ಮದುಮಗನ ಹಾಗೆ ಮಿನುಗುತ್ತಿತ್ತು. ನಾನು ಪದ್ಧತಿಯಂತೆ ಮೂಗೆಳೆದು, ಇದು ಪ್ರವಾಹದಲ್ಲಿ ಮುಳುಗೆದ್ದ ಗಾಡಿ, ಮೀನಿನ ವಾಸನೆ ಇದೆ ಎಂದು ಘೋಷಿಸಿದೆ. ರನೀಮ್ ಹಿಂದಿನ ಸೀಟಿನ ಕೆಳಗೆ ಬಗ್ಗಿ ಒಂದು ತುಣುಕು ಸಾರ್ಡೀನ್ ಮೀನಿನ ಸ್ಯಾಂಡ್‌ವಿಚ್ ಎತ್ತಿ ತೋರಿಸಿದಳು. ಹಾಜಿಯ ಇಬ್ಬರು ತಮ್ಮಂದಿರು ಗೋಡೆ ಹಿಡಿದುಕೊಂಡು ನಕ್ಕರು. ಹಾಜಿ ಮಾತ್ರ ನಗಲಿಲ್ಲ, ದೊಡ್ಡ ಮನುಷ್ಯ. ಮೊಮ್ಮಗಳು ಕಾರಿನಲ್ಲೇ ತಿನ್ನುತ್ತಾಳೆ, ಕ್ಷಮಿಸಿ ಎಂದರು. ರನೀಮಳಿಗೆ ಮಾತ್ರ, ಅಮೆರಿಕದ ವರದಿ ನೋಡು ಮಗಳೇ ಎಂದು ಮತ್ತೆ ಮತ್ತೆ ಹೇಳಿದರು.

ಮಾನ ಉಳಿಸಿಕೊಳ್ಳಲು ನಾನು ಚಾಲಕನ ಸೀಟಿಗೆ ಹತ್ತಿ ಕೀಲಿ ಅರ್ಧ ತಿರುಗಿಸಿದೆ. ದೀಪಗಳೆಲ್ಲ ಹೊತ್ತಿಕೊಂಡವು. ಅವುಗಳಲ್ಲಿ ಒಂದು ಗಾಳಿಚೀಲದ್ದು, ಗುದ್ದಿದಾಗ ಸ್ಟೇರಿಂಗಿನಿಂದ ಉಬ್ಬಿ ಬಂದು ಎದೆ ಕಾಯುವ ಆ ಚೀಲದ್ದು. ಚೀಲ ನೆಟ್ಟಗಿದ್ದರೆ ಎಂಜಿನ್ ಶುರುವಾಗುವ ಮೊದಲೇ ಆ ದೀಪ ಕೆಲ ಕ್ಷಣ ಉರಿದು ತಾನಾಗಿ ಆರಬೇಕು. ಇದು ಆರಲಿಲ್ಲ. ಪಕ್ಕದ ಆಯಿಲ್ ದೀಪದ ಜೊತೆ ಅವಳಿ ಮಗುವಿನ ಹಾಗೆ ಉರಿಯುತ್ತಲೇ ಇತ್ತು. ಎಂಜಿನ್ ಶುರುಮಾಡಿದೆ, ಎರಡೂ ಒಂದೇ ಉಸಿರಿಗೆ ಆರಿದವು. ನಿಲ್ಲಿಸಿದೆ, ಮತ್ತೆ ನೋಡಿದೆ. ಅದೇ ಆಟ. ಚೀಲ ಇಲ್ಲದ್ದು ಗೊತ್ತಾಗದಿರಲಿ ಅಂತ ಯಾರೋ ಎರಡರ ತಂತಿಯನ್ನೂ ಒಂದಕ್ಕೆ ಕಟ್ಟಿದ್ದಾರೆ. ಕೆಳಗಿಳಿದು ಮುಂದಿನ ಗಾಜಿನ ರಬ್ಬರಿನ ಅಂಚು ಬೆರಳಿನಿಂದ ಎತ್ತಿದೆ. ಗೋಧಿಬಣ್ಣದ ಒರಟು ಕೂದಲು ನಾಲ್ಕೈದು ಅಂಟಿಕೊಂಡು ಬಂದವು.

ರನೀಮಳನ್ನು ಪಕ್ಕಕ್ಕೆ ಕರೆದು ಹೇಳಿದೆ, ಈ ಕಾರು ಒಂಟೆಗೆ ಗುದ್ದಿದೆ, ಒಳಗೆ ಚೀಲ ಇಲ್ಲ.

"ಮಾವ, ಐದು ನಿಮಿಷದ ಹಿಂದೆ ಮೀನು ಅಂದೆ. ಈಗ ಒಂಟೆ. ಇನ್ನೊಂದು ಸ್ವಲ್ಪ ಹೊತ್ತಿಗೆ ತಿಮಿಂಗಿಲ ಬರುತ್ತೆ."

ಒಂಟೆಗೆ ಗುದ್ದಿದರೆ ಚಾಸಿಗೆ ಏನೂ ಆಗುವುದಿಲ್ಲ, ಅದರ ಕಾಲು ಉದ್ದ, ಮೈ ನೇರ ಬಂದು ಗಾಜಿನ ಮೇಲೆ ಬೀಳುತ್ತದೆ, ಅದಕ್ಕೇ ನಾಲ್ಕು ಒಳ್ಳೇದು ಬಂದಿರುವುದು ಎಂದು ವಿವರಿಸಿದೆ. ಅವಳು ವರದಿಯನ್ನು ನನ್ನ ಮೂಗಿನ ಕೆಳಗೆ ಹಿಡಿದಳು. ಕೊನೆಯ ಸಾಲು ಓದು ಎಂದೆ. "ವಾಹನ ರಫ್ತಾಗಿದೆ" ಅಂತ ಇತ್ತು. ಅಂದರೆ ಆ ಚರಿತ್ರೆ ಅಕಾಬಾದಲ್ಲಿ ಹಡಗಿನಿಂದ ಕೆಳಗಿಳಿಯಲೇ ಇಲ್ಲ. ಅದಾದ ಮೇಲೆ ಈ ಕಾರು ನಮ್ಮ ಮರುಭೂಮಿ ಹೆದ್ದಾರಿಯಲ್ಲಿ ಎಷ್ಟು ವರ್ಷ ಓಡಿತು, ಏನು ಮಾಡಿಕೊಂಡಿತು, ಅಮೆರಿಕದ ಯಂತ್ರಕ್ಕೆ ಯಾರು ಹೇಳಬೇಕು? ಅವಳು ಒಂದು ಗಳಿಗೆ ಯೋಚಿಸಿದಳು. ಆಮೇಲೆ ಅಂದಳು, ನಿನ್ನ ಬಾಯಿಗಿಂತ ಅರ್ಧ ದಾರಿಗೆ ನಿಂತ ಕಾಗದವೇ ವಾಸಿ, ಭಾನುವಾರ ನಾನು ಮೂವರನ್ನು ಕರೆದುಕೊಂಡು ಹೋಗಬೇಕು.

ನಾನು ಸಾವಿರ ಸುಳ್ಳು ಹೇಳಿದ್ದೇನೆ, ಎಲ್ಲವನ್ನೂ ಜನ ಸಂತೋಷವಾಗಿ ನಂಬಿದ್ದಾರೆ. ನಿಜ ಹೇಳಿದ ದಿನ ನನ್ನ ಸ್ವಂತ ರಕ್ತವೇ ಬೆನ್ನು ತಿರುಗಿಸಿತು.

ಹಾಜಿ ಒಳಗೆ ಕರೆದರು. ದಿಂಡುಗಳ ಮೇಲೆ ಕೂತೆವು. ತಮ್ಮಂದಿರು ಎರಡೂ ಕಡೆ. ಇಬ್ಬರೇ ಇದ್ದರೂ ಅವರ ಮೀಸೆಗಳನ್ನು ಸೇರಿಸಿ ಲೆಕ್ಕ ಹಾಕಿದರೆ ನಲವತ್ತು ಜನ ಆಗುತ್ತಿದ್ದರು. ರನೀಮ್ ಚೀಲದಿಂದ ಲಕೋಟೆ ತೆಗೆದು ಪಕ್ಕಕ್ಕಿಟ್ಟುಕೊಂಡಳು. ಇನ್ನು ಒಂದು ಬಟ್ಟಲು ಕಾಫಿ, ಒಂದು ಕೈಕುಲುಕು, ಅಷ್ಟಕ್ಕೆ ವ್ಯಾಪಾರ ಮುಗಿದು, ಆ ಇಳಿಜಾರು ನನ್ನ ತಂಗಿಯ ಮಗಳಿಗಾಗಿ ಬಾಯಿ ತೆರೆದು ಕೂತಿರುತ್ತದೆ. ಹಾಜಿ ಏಲಕ್ಕಿ ಪರಿಮಳದ ಕಹಿ ಕಾಫಿ ಸುರಿದು ಮೊದಲ ಬಟ್ಟಲು ನನ್ನ ಕೈಗೆ, ಎರಡನೆಯದು ರನೀಮಳ ಕೈಗೆ ಕೊಟ್ಟರು.

ನಾನು ಅದನ್ನು ಕುಡಿಯದೆ ನೆಲದ ಮೇಲಿಟ್ಟೆ.

ಗೊತ್ತಲ್ಲ, ನಮ್ಮಲ್ಲಿ ಹೀಗೆ ಬಟ್ಟಲು ಕೆಳಗಿಡುವುದು ಸಣ್ಣ ಮಾತಲ್ಲ. ಹೆಣ್ಣು ಕೇಳಲು ಬಂದ ಹಿರಿಯರು ಇಡುತ್ತಾರೆ, ಕೊಲೆಯ ರಾಜಿಗೆ ಬಂದವರು ಇಡುತ್ತಾರೆ. ಕೇಳಿದ್ದು ಕೊಡುವವರೆಗೆ ನಿನ್ನ ಮನೆಯ ಕಾಫಿ ಮುಟ್ಟುವುದಿಲ್ಲ ಎಂದರ್ಥ. ಮುಟ್ಟದೆ ಎದ್ದು ಹೋದರೆ ಆ ಮನೆಗೆ ಮುಖ ತೋರಿಸಲಾಗದ ಅವಮಾನ. ಹಳೇ ಕಾರಿಗಾಗಿ ಬಟ್ಟಲು ಕೆಳಗಿಟ್ಟವನು ಆದಂ ಕಾಲದಿಂದ ನಾನೊಬ್ಬನೇ.

ತಮ್ಮಂದಿರ ನಗು ನಿಂತಿತು. ಒಬ್ಬ ಎದ್ದು ಬಾಗಿಲ ಬಳಿ ನಿಂತ. ರನೀಮ್ ನನ್ನ ತೋಳು ಚಿವುಟಿ ಎತ್ತಿಕೊಳ್ಳಲು ಸನ್ನೆ ಮಾಡಿದಳು.

"ಕಾಫಿ ಕುಡಿ, ಅಬು ಹಾಯಿಲ್. ಇದೇನು ತಮಾಷೆ?" ಎಂದರು ಹಾಜಿ.

"ಕುಡೀತೀನಿ ಹಾಜಿ. ಆ ಒಂಟೆ ವಿಷಯ ಹೇಳಿ, ಕುಡೀತೀನಿ."

ಹಾಜಿಯ ಕೈಯಲ್ಲಿದ್ದ ಕಾಫಿ ಜಗ್ಗಿನ ಮೂತಿಯಿಂದ ಒಂದು ಹನಿ ಜಮಖಾನೆಯ ಮೇಲೆ ಬಿತ್ತು. ಬಾಗಿಲ ಬಳಿಯ ತಮ್ಮ ಅಣ್ಣನ ಮುಖ ನೋಡಿದ. ನಾನು ಜೀವಮಾನದಲ್ಲಿ ಮೊದಲ ಬಾರಿ ಮುಂದಿನ ಮಾತು ಆಡದೆ ಕೂತೆ. ಆ ಕೂದಲು ಆಡಿನದ್ದೇ ಆಗಿದ್ದರೆ? ಬರೀ ತಂತಿ ಕೆಟ್ಟು ದೀಪ ಹಾಗೆ ಉರಿಯುತ್ತಿದ್ದರೆ?

"ಕಾಫಿ ಕುಡಿದು ಮುಗಿಸಿದ ಮಾತನ್ನ ಈ ಮನೇಲಿ ಯಾರೂ ಎತ್ತಲ್ಲ," ಎಂದರು ಹಾಜಿ, ಬಹಳ ಮೆಲ್ಲಗೆ.

ಅಷ್ಟು ಸಾಕಾಗಿತ್ತು. ನಮ್ಮವರಿಗೆ ಉಳಿದದ್ದು ಬಿಡಿಸಿ ಹೇಳಬೇಕಿಲ್ಲ. ಈ ಮನೆಯವರು ಯಾರೋ ಹೆದ್ದಾರಿಯಲ್ಲಿ ಯಾರದೋ ಒಂಟೆಗೆ ಗುದ್ದಿದ್ದಾರೆ. ಒಂಟೆಯನ್ನು ರಸ್ತೆಗೆ ಬಿಟ್ಟ ತಪ್ಪಿಗೆ ಅದರ ಕಡೆಯ ಹಿರಿಯರು ಬಂದು ಇದೇ ಜಮಖಾನೆಯ ಮೇಲೆ ಬಟ್ಟಲು ಕೆಳಗಿಟ್ಟು ಕ್ಷಮೆ ಕೇಳಿದ್ದಾರೆ. ಹಾಜಿ ಕ್ಷಮಿಸಿದ್ದಾರೆ, ಎಲ್ಲರೂ ಕುಡಿದು ಎದ್ದಿದ್ದಾರೆ. ಪೊಲೀಸರಿಲ್ಲ, ವಿಮೆಯಿಲ್ಲ, ಎಲ್ಲಿಯೂ ಒಂದು ಅಕ್ಷರವಿಲ್ಲ. ಕ್ಷಮಿಸಿದ್ದನ್ನು ಮತ್ತೆ ನಾಲಗೆಗೆ ತಂದರೆ ಕೊಟ್ಟ ಮಾತು ಮುರಿದಂತೆ. ಅದಕ್ಕೇ ಅವರು ರನೀಮಳಿಗೆ ಪದೇ ಪದೇ ಅಮೆರಿಕದ ವರದಿ ನೋಡು ಎನ್ನುತ್ತಿದ್ದುದು.

ರನೀಮಳಿಗೂ ಅರ್ಥವಾಯಿತು. ಅವಳ ಕೈ ಲಕೋಟೆಯ ಮೇಲೆ ಬಂತು. ನಿಧಾನವಾಗಿ ತನ್ನ ಬಟ್ಟಲನ್ನೂ ನನ್ನ ಬಟ್ಟಲಿನ ಪಕ್ಕ ನೆಲಕ್ಕಿಟ್ಟಳು.

"ಮುಗಿದ ಮಾತು ನನಗೆ ಬೇಡ ಹಾಜಿ. ಸ್ಟೇರಿಂಗ್ ಒಳಗೆ ಚೀಲ ಇದೆಯಾ, ಇಲ್ವಾ? ಆ ಇಳಿಜಾರಲ್ಲಿ ನಾವು ನಾಲ್ಕು ಜನ ದಿನಾ ಇಳೀತೀವಿ. ಉಳಿದ ಮೂವರಿಗೂ ಮಕ್ಕಳಿದಾರೆ."

"ಇದೆ ಮಗಳೇ, ದೇವರಾಣೆಗೂ ಇದೆ. ಗ್ಯಾರೇಜಿನವನ ಕೈಲಿ ಹೊಸದು ಹಾಕಿಸಿದೀನಿ." ಹಾಜಿ ಎದ್ದೇ ಬಿಟ್ಟರು. ಈಗಲೇ ಬಿಚ್ಚಿ ತೋರಿಸುತ್ತೇನೆ, ಇದ್ದರೆ ನಿನ್ನ ಮಾವ ಮುಂದಿನ ಶುಕ್ರವಾರ ನಮ್ಮ ಮಸೀದಿಯ ಬಾಗಿಲಲ್ಲಿ ನಿಂತು ತಾನು ಸುಳ್ಳುಗಾರ ಅಂತ ಕೂಗಬೇಕು ಎಂದರು. ಒಪ್ಪಿದೆ. ಆ ಕೆಲಸ ಮಾವನಿಗೇನೂ ಹೊಸದಲ್ಲ ಎಂದು ರನೀಮ್ ಗೊಣಗಿದ್ದು ಕೇಳಿಸಿತು.

ಅಂಗಳಕ್ಕೆ ಬಂದೆವು. ಹಾಜಿ ಸ್ಕ್ರೂಡ್ರೈವರ್ ಹಿಡಿದು ಸೀಟಿಗೆ ನುಗ್ಗಿದರು. ನಾನು ತಡೆದು ಮೊದಲು ಬ್ಯಾಟರಿಯ ತಂತಿ ಬಿಚ್ಚಿ ಸ್ವಲ್ಪ ಹೊತ್ತು ಕಾಯಿಸಿದೆ. ಒಳಗೆ ನಿಜವಾದ ಚೀಲ ಇದ್ದು ಅದು ಈಗ ಸಿಡಿದರೆ ಹಾಜಿಯ ದವಡೆ ಡಮಾಸ್ಕಸ್‌ನಲ್ಲಿ ಹುಡುಕಬೇಕಾಗುತ್ತದೆ. ನನಗೇ ಹೆದರಿಕೆ ಅಂದುಕೊಂಡು ಒಬ್ಬ ತಮ್ಮ ಹಂಗಿಸಿದ. ಹೆದರಿಕೆಯೇ ಆಗಿತ್ತು. ಸಿಡಿದರೆ ಹಾಜಿಗೆ ಅಪಾಯ, ಸಿಡಿಯದೆ ಒಳಗೇ ಇದ್ದರೆ ನನಗೆ ಮಸೀದಿಯ ಬಾಗಿಲು, ಚೀಲವೇ ಇಲ್ಲದೇ ಹೋದರೆ ಆ ಮನೆಗೆ ಅವಮಾನ. ಕಾಯುತ್ತಾ ನಿಂತ ಆ ಹೊತ್ತಿನಲ್ಲಿ ನನಗೆ ಹತ್ತು ವರ್ಷ ವಯಸ್ಸಾಯಿತು, ತಲೆಗೂದಲು ನೋಡಿ ಬೇಕಿದ್ದರೆ.

ಹಾಜಿ ಸ್ಟೇರಿಂಗ್ ಚಕ್ರದ ಹಿಂದಿನ ತೂತಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದರು. ಒಂದು ಕಡೆ ಬಿಟ್ಟಿತು. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದೆವು, ರನೀಮ್ ಮಾತ್ರ ಬಾಗಿಲು ಹಿಡಿದು ಬಗ್ಗಿ ನಿಂತಿದ್ದಳು. ಇನ್ನೊಂದು ಕಡೆಯೂ ಬಿಟ್ಟಿತು. ಮುಚ್ಚಳ ಕೈಗೆ ಬಂತು.

ಒಳಗೆ ಹಾಸಿಗೆಯ ಸ್ಪಂಜು. ಗುಂಡಗೆ ಕತ್ತರಿಸಿ, ಅಂಟು ಹಾಕಿ ಕೂರಿಸಿದ್ದರು.

ಹಾಜಿ ಸ್ಪಂಜನ್ನು ಹಿಂಡಿದರು, ಬಿಟ್ಟರು, ಮತ್ತೆ ಹಿಂಡಿದರು. ಆಮೇಲೆ ಅವರ ಕಣ್ಣು ಪಕ್ಕದ ಸೀಟಿಗೆ ಹೋಯಿತು. ಅಲ್ಲಿನ ಡ್ಯಾಶ್‌ಬೋರ್ಡಿನ ಮುಚ್ಚಳವನ್ನು ಬೆರಳಿನಿಂದ ತಟ್ಟಿದರು, ಪೊಳ್ಳು ಸದ್ದು ಬಂತು.

"ಮೊಮ್ಮಗಳು ಇಲ್ಲೇ ಕೂರ್ತಾಳೆ," ಎಂದರು. "ಹಿಂದೆ ಕೂತ್ಕೋ ಅಂದ್ರೆ ಕೇಳಲ್ಲ. ನಾನೇ ಬಿಡು ಅಂದೆ, ಚೀಲ ಹೊಸದಿದೆ ಅಂತ."

ರನೀಮ್ ವರದಿಯ ಕಟ್ಟನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು, ಲಕೋಟೆಯನ್ನೂ. ಹಾಜಿ ನಮ್ಮನ್ನು ಮತ್ತೆ ಒಳಗೆ ಕರೆದೊಯ್ದರು. ಬಟ್ಟಲುಗಳೆರಡೂ ತಣ್ಣಗಾಗಿ ಅಲ್ಲೇ ಇದ್ದವು. ಗ್ಯಾರೇಜಿನವನನ್ನು ತಾವು ನೋಡಿಕೊಳ್ಳುವುದಾಗಿ, ನಿಜವಾದ ಚೀಲ ಹಾಕಿಸದೆ ಗಾಡಿ ಅಂಗಳ ದಾಟುವುದಿಲ್ಲವೆಂದು ಹೇಳಿದರು. ಬಿಸಿ ಕಾಫಿ ಸುರಿದು ನನ್ನ ಮುಂದೆ ಹಿಡಿದರು. ಈಗ ಕುಡಿ, ಇಲ್ಲಿಗೆ ಮುಗಿಯಲಿ ಎಂದರು.

ಕೈ ಚಾಚಿದವನು ಹಿಂದೆಳೆದುಕೊಂಡೆ. ಕುಡಿದರೆ ಈ ಮಾತೂ ಮುಗಿದ ಮಾತಾಗುತ್ತದೆ, ನನ್ನ ಬಾಯಿಗೂ ಬೀಗ.

"ಚೀಲ ಹಾಕಿಸಿದ ಮೇಲೆ ಮಾರ್ತೀರಲ್ಲ ಹಾಜಿ, ಕೊಳ್ಳೋವನಿಗೆ ಒಂಟೆ ವಿಷಯ ಹೇಳ್ತೀರಾ?"

ಅವರು ಕೈಯಲ್ಲಿದ್ದ ಬಟ್ಟಲು ನೋಡಿದರು. "ಕ್ಷಮಿಸಿದೀನಿ. ನನ್ನ ಬಾಯಲ್ಲಿ ಅದು ಬರಲ್ಲ."

"ಹಂಗಾದ್ರೆ ನಂಗೆ ಕಾಫಿ ಬೇಡ. ನನ್ನ ಬಾಯಿ ಖಾಲಿ ಇರ್ಲಿ."

ಬಾಗಿಲ ಬಳಿಯ ತಮ್ಮ ಮುಂದೆ ಬಂದ. ಇವತ್ತು ನನ್ನ ಮೀಸೆ ಉಳಿಯುವುದಿಲ್ಲ ಅಂದುಕೊಂಡೆ. ಹಾಜಿ ಕೈಯೆತ್ತಿ ಅವನನ್ನು ನಿಲ್ಲಿಸಿದರು. ಬಟ್ಟಲು ಹಿಡಿದು ಕಿಟಕಿಗೆ ಹೋಗಿ ಕಾಫಿಯನ್ನು ಹೊರಗಿನ ಆಲಿವ್ ಮರದ ಬುಡಕ್ಕೆ ಚೆಲ್ಲಿದರು. ನನ್ನ ಕಡೆ ತಿರುಗದೆಯೇ ಅಂದರು, "ಹೋಗು. ಹೇಳ್ಕೋ."

ಭಾನುವಾರ ನಾಲ್ವರು ಟೀಚರುಗಳೂ ಬಸ್ಸಿನಲ್ಲಿ ನಿಂತುಕೊಂಡು ಕಣಿವೆಗೆ ಇಳಿದರು. ನಾನು ಜರ್ಕಾದ ಬಜಾರಿನಲ್ಲಿ ಒಂದು ಮುರುಕು ಲಾರಿಯ ಮೇಲೆ ಹತ್ತಿ ಆ ಬಿಳೀ ಕಾರಿನ ನಂಬರಿನ ಸಮೇತ ಇಡೀ ಚರಿತ್ರೆ ಸಾರಿದೆ. ಅಮೆರಿಕದ ವರದಿಗೆ ಸಿಗದೇ ಹೋದದ್ದು ಈಗ ಇರಾಕಿನ ಗಡಿಯವರೆಗೆ ಎಲ್ಲ ದಲ್ಲಾಳಿಗಳಿಗೂ ಬಾಯಿಪಾಠ.

ಆದರೆ ಹೇಳುವುದು ಬಹಳ ಕಷ್ಟದ ಕೆಲಸ. ಮಾದಬಾದಿಂದ ಹಿಂದಿರುಗುವಾಗಲೇ ರನೀಮ್ ನನ್ನಿಂದ ಮಾತು ತೆಗೆದುಕೊಂಡಿದ್ದಳು. "ಮಾವ, ಯಾರಾದ್ರೂ ನಿನ್ನ ಮಾತು ನಂಬಬೇಕು ಅಂದ್ರೆ ಇದೊಂದನ್ನ ನೆಟ್ಟಗೆ ಹೇಳು. ಒಂದೇ ಒಂಟೆ. ಎರಡಲ್ಲ, ಹಿಂಡಲ್ಲ. ಒಂದು."

ಅದಕ್ಕೇ ನಿಮಗೂ ಒಂದೇ ಹೇಳಿದ್ದೇನೆ. ದೊಡ್ಡ ಒಂಟೆ ಎನ್ನುವುದಕ್ಕೆ ಮಾತ್ರ ಅವಳು ಒಪ್ಪಿದ್ದಾಳೆ.