ನನ್ನ ಹತ್ತಿರ ಕಳಿಸು

ಅಮ್ಮ ಹೋಗಿ ಐದು ವಾರವಾಗಿತ್ತು. ನಾನು ಎಂದಿನಂತೆ ಕೆಲಸಕ್ಕೆ ಹೋಗುತ್ತಿದ್ದೆ, ಬಂದು ಊಟದ ಡಬ್ಬಿ ತೊಳೆಯುತ್ತಿದ್ದೆ. ಗಟ್ಟಿಗಿತ್ತಿ ಎಂದು ಎಲ್ಲರೂ ಹೊಗಳಿದರು. ಗಟ್ಟಿತನವೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ಕೆನ್ನೆ ಮರಗಟ್ಟಿರುತ್ತದಲ್ಲ, ಮೈಯೆಲ್ಲ ಹಾಗಿತ್ತು.

ಈಗ ಅಪ್ಪ ಆಸ್ಪತ್ರೆಯಲ್ಲಿದ್ದರು. ಮರುದಿನ ಬೆಳಗ್ಗೆ ಎಂಟಕ್ಕೆ ಹೃದಯದ ಆಪರೇಷನ್. ನೋಡುವವರೆಲ್ಲ ಇವತ್ತೇ ನೋಡಿಬಿಡಲಿ ಎಂದಿದ್ದರು ಡಾಕ್ಟರು. ಅಣ್ಣನೂ ಅಪ್ಪನೂ ಮಾತು ಬಿಟ್ಟು ಆರು ವರ್ಷ. ಅಮ್ಮ ಹೋದ ದಿನವೂ ಎರಡು ಮೂಲೆಯಲ್ಲಿ ನಿಂತಿದ್ದರು. "ಬರೋದಾದ್ರೆ ನನಗೇ ಫೋನ್ ಮಾಡ್ಲಿ" ಎಂದರು ಅಪ್ಪ. ಒಂದಕ್ಷರವೂ ಬಿಡದೆ ಅದನ್ನೇ ಅಣ್ಣನಿಗೆ ಕಳಿಸಿದೆ. ಓದಿದ್ದ, ಅಪ್ಪನಿಗೆ ಫೋನ್ ಮಾತ್ರ ಮಾಡಿರಲಿಲ್ಲ.

ಆ ಬೆಳಗ್ಗೆ ಆಫೀಸಿನ ಬಾಗಿಲಲ್ಲೇ, ನಾವೆಲ್ಲ ಕೇಬಲ್ ಮಾವ ಎನ್ನುವ ಸಹೋದ್ಯೋಗಿ ಹಿಡಿದರು. ಇಪ್ಪತ್ತೈದು ವರ್ಷ ತಂತಿ ಎಳೆದು, ನಿವೃತ್ತಿ ಹತ್ತಿರ ಬಂದಾಗ ರೌಟರ್ ಕಲಿಯುವ ಹಟಕ್ಕೆ ಬಿದ್ದವರು. ನಮ್ಮದು ರಕ್ತ ಪರೀಕ್ಷೆಯ ಕಂಪನಿ, ಎರಡು ಕಟ್ಟಡ. ಹಿಂದಿನ ದಿನ ಮುಂಭಾಗದ ಕಟ್ಟಡದ ರೌಟರ್‌ಗೆ ಹೊಸ ಇಂಟರ್ನೆಟ್ ಲೈನ್ ಜೋಡಿಸಿದ್ದು ನಾನೇ. ಈಗ ಹಿಂಭಾಗದ ಕಟ್ಟಡದಿಂದ ಒಂದು ವರದಿಯೂ ಹೊರಗೆ ಹೋಗುತ್ತಿರಲಿಲ್ಲ.

"ಹೊರಗೆ ಹೋಗೋ ದಾರಿ ಪಟ್ಟಿಯಲ್ಲಿದೆ ತಾಯಿ. ಆದ್ರೂ ಹಿಂಭಾಗದ ಕಟ್ಟಡದ ಈ ರೌಟರ್ ಅದನ್ನ ಮೂಸಿಯೂ ನೋಡ್ತಿಲ್ಲ."

"ನೆಕ್ಸ್ಟ್ ಹಾಪ್ ಅಂತ ಇದೆಯಲ್ಲ, ಮುಂದೆ ಯಾರಿಗೆ ಕೊಡ್ಬೇಕು ಅಂತ. ಅಲ್ಲಿ ಯಾರ ವಿಳಾಸ ಇದೆ?"

"ಲೈನ್ ಕೊಟ್ಟ ಕಂಪನಿಯವರದ್ದು."

"ಈ ರೌಟರ್‌ಗೆ ಅವರ ಪರಿಚಯ ಇದೆಯಾ?"

"ಇದಕ್ಕೆಲ್ಲಿಂದ ಬರ್ಬೇಕು? ಇದು ಕಟ್ಟಡ ಬಿಟ್ಟು ಆಚೆ ಕಾಲಿಟ್ಟಿಲ್ಲ."

"ಅಷ್ಟೇ ಮಾವ. ಗಡಿಯಲ್ಲಿರೋ ರೌಟರ್, ಅಂದ್ರೆ ಮುಂಭಾಗದ ಕಟ್ಟಡದ್ದು, ಹೊರಗಿನವರಿಗೆ ದಾರಿ ಹೇಳುವಾಗ ತನ್ನ ವಿಳಾಸ ಕೊಡುತ್ತೆ. ಮನೆಯವರಿಗೆ ಹೇಳುವಾಗ ಮಾತ್ರ ಕೇಳಿಸಿಕೊಂಡದ್ದನ್ನ ಹಾಗೇ ಒಪ್ಪಿಸುತ್ತೆ."

"ಒಳ್ಳೆ ಗಿಳಿಪಾಠ ಆಯ್ತಲ್ಲ!"

"ಹೂಂ. 'ಅವರ ವಿಷಯ ಬಿಡು, ನನ್ನ ಹತ್ರ ಕಳಿಸು' ಅನ್ನೋಕೆ ಒಂದು ಸಾಲು ಬರೀಬೇಕು. ನೆಕ್ಸ್ಟ್ ಹಾಪ್ ಸೆಲ್ಫ್. ನಾನು ಬರೆದಿಲ್ಲ."

ಹತ್ತು ವರ್ಷದಲ್ಲಿ ಆ ಸಾಲು ಮರೆತಿದ್ದು ಅದೇ ಮೊದಲು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಸಾಲು ಬರೆದೆ. ಪಟ್ಟಿಯಲ್ಲಿ ಆ ದಾರಿಯ ಪಕ್ಕ ಆಯ್ಕೆಯ ಗುರುತು ಮೂಡಿತು, ವರದಿಗಳು ಹೊರಟವು. ಮಾವ ಖುಷಿಯಾಗಿ ಚಹಾ ತರಲು ಹೋದರು.

ಕೈ ತಾನಾಗಿ ಫೋನಿಗೆ ಹೋಯಿತು. ಅಪ್ಪನ ನಂಬರಿಗೆ ಅಣ್ಣ ಈ ಜನ್ಮದಲ್ಲಿ ಫೋನ್ ಮಾಡುವುದಿಲ್ಲ ಎಂದು ಗೊತ್ತಿದ್ದೂ ಅದನ್ನೇ ಒಪ್ಪಿಸಿ ಕೈ ತೊಳೆದುಕೊಂಡಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು. ಅಣ್ಣನಿಗೆ ಫೋನ್ ಮಾಡಿದೆ.

"ಅಣ್ಣ, ಅಪ್ಪನಿಗೆ ಫೋನ್ ಮಾಡ್ಬೇಡ. ನಮ್ಮ ಮನೆಗೆ ಬಾ. ಇಬ್ಬರೂ ಆಸ್ಪತ್ರೆಗೆ ಹೋಗೋಣ. ಒಳಗೆ ಮಾತೆಲ್ಲ ನಾನಾಡ್ತೀನಿ."

ಅವನು ಕೇಳಿದ್ದು ಒಂದೇ: "ಅಪ್ಪ ನನ್ನ ಕೇಳಿದ್ರಾ?"

ಕೇಳಿರಲಿಲ್ಲ. ಬರೋದಾದ್ರೆ ಎಂದಿದ್ದರು, ಅಷ್ಟೇ.

"ನಾನು ಕೇಳ್ತಿದೀನಿ."

"ಅಮ್ಮ ಆಗಿದ್ರೆ, ಕೇಳಿದ್ರು ಅನ್ನೋಳು. ವಾರವಾರ ಫೋನ್ ಮಾಡಿ, ಅಪ್ಪ ನಿನ್ನ ಕೇಳ್ತಿದ್ರು ಕಣೋ ಅಂತಿದ್ಲು."

"ಅಪ್ಪನಿಗೂ ಹಾಗೇ ಹೇಳ್ತಿದ್ಲು. ನೀನು ಕೇಳಿದೆ ಅಂತ."

"ನಾನಾ?" ಅವನ ದನಿ ಬಿದ್ದುಹೋಯಿತು. "ನಾನು ಒಂದು ಸಲಾನೂ ಕೇಳಿಲ್ಲ ಕಣೇ."

ಅಪ್ಪನೂ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಅದನ್ನು ಅವನಿಗೆ ಹೇಳಲಿಲ್ಲ.

"ಮಧ್ಯಾಹ್ನದ ಬಸ್ಸಿಗೆ ಬರ್ತೀನಿ" ಎಂದ.

ಫೋನ್ ಇಟ್ಟೆ. ಆರು ವರ್ಷ ಇಬ್ಬರ ಮಾತನ್ನೂ ಅಮ್ಮ ಒಬ್ಬಳೇ ಆಡಿದ್ದಳು. ಸುಸ್ತಾಯಿತಾ ಅಮ್ಮ ಎಂದು ನಾನೂ ಒಂದು ಸಲ ಕೇಳಿರಲಿಲ್ಲ.