ಶೀಟಿನ ಇನ್ನೊಂದು ತುದಿ

“ಏಯ್ ಸುಟ್ಟಗೈ! ಅಲಂಕಾರಕ್ಕೆ ನಿಲ್ಸಿದ್ದೀವೇನೇ ನಿನ್ನ, ಲೌಡಿ? ಕೈ ಆಡ್ಸೇ!”

ಮ್ಯಾನೇಜರು ಬೈದದ್ದು ದೊಡ್ಡಕ್ಕನನ್ನು. ಬೆಚ್ಚಿಬಿದ್ದವಳು ಅವಳೆದುರು ನಿಂತಿದ್ದ ಪುಕ್ಕಲಿ. ಬೈಗುಳ ಯಾರ ಪಾಲಿಗೇ ಬರಲಿ, ಎದೆ ಹಾರುವುದು ಮಾತ್ರ ಇವಳದೇ. ಅದಕ್ಕೇ ಲಾಂಡ್ರಿಯ ಹೆಂಗಸರು ಅವಳಿಗೆ ಆ ಹೆಸರಿಟ್ಟಿದ್ದರು. ಮ್ಯಾನೇಜರಿಗೂ ಒಂದು ಹೆಸರಿತ್ತು: ಇಸ್ತ್ರಿಪೆಟ್ಟಿಗೆ. ಕಾದಾಗ ಮುಟ್ಟಿದ್ದನ್ನೆಲ್ಲ ಸುಡುವವನು, ಕಾಯದೆ ಇರುವ ಹೊತ್ತೇ ಇಲ್ಲದವನು.

ಊರಿನ ಹೋಟೆಲುಗಳ, ಆಸ್ಪತ್ರೆಗಳ ಬೆಡ್‌ಶೀಟುಗಳೆಲ್ಲ ಬರುತ್ತಿದ್ದದ್ದು ಈ ಲಾಂಡ್ರಿಗೆ. ಒಗೆದು ಹಿಂಡಿದ ಶೀಟು ಕಾದ ಉರುಳೆಗಳ ನಡುವೆ ನುಗ್ಗಿ, ಒಣಗಿ, ಆಚೆ ಕಡೆಯ ಮೇಜಿಗೆ ಬರುತ್ತದೆ. ಅಲ್ಲಿ ಇಬ್ಬರು ಎದುರುಬದುರು ನಿಂತು ಎರಡೆರಡು ಮೂಲೆ ಹಿಡಿದು, ಬಿಗಿಯಾಗಿ ಜಗ್ಗಿ, ಮೂಲೆಗೆ ಮೂಲೆ ಕೂಡಿಸಿ ಮಡಚಬೇಕು. ಅಂಚು ನೆಲಕ್ಕೆ ತಾಗಿತೋ, ಶೀಟು ಮತ್ತೆ ತೊಟ್ಟಿಗೆ, ಮಡಚಿದವರಿಗೆ ಮಂಗಳಾರತಿ.

ದೊಡ್ಡಕ್ಕನ ಬಲಗೈಯನ್ನು ಆ ಉರುಳೆಗಳೇ ಒಮ್ಮೆ ಒಳಗೆಳೆದುಕೊಂಡಿದ್ದವು. ತಪ್ಪು ಅವಳದೇ, ಕಣ್ಣು ಎಲ್ಲಿಟ್ಟಿದ್ದಳೋ ಎಂದರು, ಮುಗಿಯಿತು. ಅಂದಿನಿಂದ ಬೆರಳು ಮಡಚಲು ಬರುತ್ತಿರಲಿಲ್ಲ. ಅವಳು ಹೆಬ್ಬೆರಳುಗಳಿಗೆ ಎರಡು ಮೂಲೆ ಸಿಕ್ಕಿಸಿಕೊಂಡು ನಿಲ್ಲುವಳು. ಜಗ್ಗುವುದು, ಕೊಡವುವುದು, ನಡೆದು ಹೋಗಿ ಕೂಡಿಸುವುದು, ಎಲ್ಲ ಪುಕ್ಕಲಿಯದು. ದೂರದಿಂದ ನೋಡಿದರೆ ಇಬ್ಬರೂ ಮಡಚಿದ ಹಾಗೇ ಕಾಣುತ್ತಿತ್ತು. ಇಸ್ತ್ರಿಪೆಟ್ಟಿಗೆಯೊಬ್ಬನನ್ನು ಬಿಟ್ಟು ಇಡೀ ಲಾಂಡ್ರಿಗೆ ಗೊತ್ತಿದ್ದ ಸಂಗತಿ ಅದು. ಒಬ್ಬರೂ ತುಟಿ ಪಿಟಕ್ಕೆಂದಿರಲಿಲ್ಲ.

“ಕೇಳ್ರೇ ಎಲ್ಲಾ! ನಾಳೆ ಕಾಲೇಜಿನ ಮಕ್ಕಳು ಬರ್ತಾರೆ, ವಾಚು ಹಿಡ್ಕೊಂಡು. ಯಾರು ದುಡೀತೀರ, ಯಾರು ಬಿಟ್ಟಿ ತಿಂತೀರ, ಎಲ್ಲಾ ಅಳೀತಾರೆ. ಪುಕ್ಕಲೀ, ನಿನ್ನ ಮೇಜಿಗೆ ಯಾರು ಗೊತ್ತೇನೇ? ನಿನ್ನ ಮಗಳೇ!”

ಇಸ್ತ್ರಿಪೆಟ್ಟಿಗೆ ನಕ್ಕ. ಪುಕ್ಕಲಿಯ ಕೈಯಿಂದ ಶೀಟು ಜಾರುವುದರಲ್ಲಿತ್ತು, ದೊಡ್ಡಕ್ಕ ಮೊಣಕೈಯಿಂದ ಒತ್ತಿ ಉಳಿಸಿದಳು.

ಸಂಜೆ ಮನೆಯಲ್ಲಿ ಮಗಳ ಕರಿ ಕೋಟು ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ವ್ಯಾಪಾರ ಆಡಳಿತದ ಡಿಗ್ರಿ ಓದುವವರಿಗೆ ಕೋಟು ಕಡ್ಡಾಯ. ಆ ಕಾಲೇಜಿನ ಟ್ರಸ್ಟಿನಲ್ಲಿ ಲಾಂಡ್ರಿಯ ಯಜಮಾನರೂ ಇದ್ದರು. ಕೆಲಸದವರ ಮಕ್ಕಳಲ್ಲಿ ಒಬ್ಬರಿಗೆ ಪುಕ್ಕಟೆ ಸೀಟು ಅವರ ಔದಾರ್ಯ. ಸೀಟು ಕೊಟ್ಟ ದಿನ ತೆಗೆದ ಫೋಟೋ ಕಾಲೇಜಿನ ಹೊಳಪು ಪುಸ್ತಿಕೆಯಲ್ಲಿ ಅಚ್ಚಾಗಿತ್ತು: ನಡುವೆ ಯಜಮಾನರು, ಪಕ್ಕದಲ್ಲಿ ಮಗಳು, ಅಂಚಿನಲ್ಲಿ ಪುಕ್ಕಲಿಯ ಅರ್ಧ ಭುಜ. ಅದರ ಕೆಳಗಿನ ಸಾಲುಗಳನ್ನು ಮಗಳು ಎಷ್ಟೋ ಸಲ ಓದಿ ಹೇಳಿದ್ದಳು. ನಾಯಕತ್ವ ಬೆಳೆಸುತ್ತೇವೆ, ಧೈರ್ಯವಾಗಿ ಮಾತಾಡಲು ಕಲಿಸುತ್ತೇವೆ, ಉದ್ಯಮದ ನಿಜವಾದ ಸಮಸ್ಯೆಗಳನ್ನು ವಿದ್ಯಾರ್ಥಿಗಳ ಕೈಗೇ ಕೊಡುತ್ತೇವೆ. ಆ ನಿಜವಾದ ಸಮಸ್ಯೆ ಎಂದರೆ ದೊಡ್ಡಕ್ಕ ಎಂದು ಪುಕ್ಕಲಿಗೆ ಇವತ್ತು ತಿಳಿಯಿತು.

“ಅಲ್ಲಿ ಏನೇ ಹೇಳ್ಕೊಡ್ತಾರೆ ನಿಂಗೆ?”

“ಕಡಿಮೆ ಜನರಿಂದ ಜಾಸ್ತಿ ಕೆಲಸ ತೆಗೆಯೋದು ಹೇಗೆ ಅಂತ.”

“ಅದು ನಮ್ಮ ಇಸ್ತ್ರಿಪೆಟ್ಟಿಗೆಗೆ ಓದದೇನೇ ಬರುತ್ತಲ್ಲ!”

ಮಗಳು ನಗಲಿಲ್ಲ. “ಪ್ರತಿ ಮೇಜಿಂದ ಯಾರನ್ನ ತೆಗೀಬಹುದು ಅಂತ ಹೇಳ್ಲೇಬೇಕಮ್ಮ. ಯಾರನ್ನೂ ತೆಗೀಬೇಡಿ ಅಂದ್ರೆ ನೆಟ್ಟಗೆ ನೋಡಿಲ್ಲ ಅಂತ ಫೇಲು ಮಾಡ್ತಾರೆ. ಫೇಲಾದ್ರೆ ಸೀಟು ಹೋಗುತ್ತೆ. ಬೇರೆ ಮೇಜು ಕೊಡಿ ಸಾರ್ ಅಂದೆ. ನಿಂಗೆ ಜಾಗ ಪರಿಚಯ ಇದೆ, ಅನುಕೂಲ ಆಗುತ್ತೆ ಅಂದ್ರು.”

“ದೊಡ್ಡಕ್ಕನ ಕೈ ವಿಷಯ ಎತ್ತಬೇಡ ಕಣೇ. ನಿನ್ನನ್ನ ಎತ್ತಿ ಆಡಿಸಿದ ಕೈ ಅದು.”

“ಗೊತ್ತಮ್ಮ.”

“ಸೀಟೂ ಕಳ್ಕೋಬೇಡ.”

“ಎರಡೂ ಹೆಂಗಮ್ಮ ಆಗುತ್ತೆ?”

ಪುಕ್ಕಲಿ ಒಲೆ ಆರಿಸಿ ಅಲ್ಲೇ ಕೂತಳು. ಆಮೇಲೆ ಅವಳಿಗೊಂದು ದಾರಿ ಹೊಳೆಯಿತು. ನಾಳೆ ಮೈಯೆಲ್ಲ ಕೈ ಮಾಡಿಕೊಂಡು ದುಡಿಯುತ್ತೇನೆ. ನಮ್ಮ ಮೇಜೇ ಎಲ್ಲರಿಗಿಂತ ಮುಂದಿದ್ದರೆ ಅಲ್ಲಿಂದ ಯಾರನ್ನು ತೆಗೆದಾರು? ವಾಚೇ ಹೇಳುವಾಗ ಇವಳು ನೆಟ್ಟಗೆ ನೋಡಿಲ್ಲ ಎಂದು ಯಾರು ಅಂದಾರು? ತಾಯಿಗೂ ಮಗಳಿಗೂ ಇದು ಸರಿಯೆನಿಸಿತು. ಓದಿದ ಮಗಳಿಗಾದರೂ ಅದರ ಇನ್ನೊಂದು ಮಗ್ಗುಲು ಕಾಣಬೇಕಿತ್ತು. ಆದರೆ ಅವಳೂ ಪುಕ್ಕಲಿಯ ಹೊಟ್ಟೆಯಲ್ಲೇ ಹುಟ್ಟಿದವಳು, ಅವಳಿಗೂ ಭಯವಾಗಿತ್ತು.

ಮರುದಿನ ಕೋಟು ತೊಟ್ಟ ಮಕ್ಕಳು ಸಾಲಾಗಿ ಬಂದರು. ಹಬೆಗೆ ಅವರ ಕಾಲರು ಒದ್ದೆಯಾದವು. ಜೊತೆಗೆ ಬಂದ ಕಾಲೇಜಿನ ಮೇಷ್ಟ್ರು ಟೈ ಸಡಿಲಿಸಿಕೊಂಡು ಒಬ್ಬೊಬ್ಬರನ್ನು ಒಂದೊಂದು ಮೇಜಿನ ಹಿಂದೆ ನಿಲ್ಲಿಸಿದರು. ಮಗಳು ತಾಯಿಯ ಮುಖ ನೋಡದೆ ವಾಚಿನ ಗುಂಡಿ ಒತ್ತಿದಳು.

ಪುಕ್ಕಲಿ ದೆವ್ವ ಹೊಕ್ಕವಳ ಹಾಗೆ ಮಡಚಿದಳು. ಜಗ್ಗಿದಳು, ಕೊಡವಿದಳು, ಓಡಿ ಹೋಗಿ ಕೂಡಿಸಿ ಓಡಿ ಬಂದಳು. ಕಣ್ಣಿಗಿಳಿದ ಬೆವರು ಒರೆಸಿಕೊಳ್ಳಲಿಲ್ಲ. “ನಿಧಾನ ಕಣೇ, ನಿಧಾನ,” ಎಂದು ದೊಡ್ಡಕ್ಕ ಪಿಸುಗುಟ್ಟಿದ್ದು ಅವಳ ಕಿವಿಗೆ ಬೀಳಲೇ ಇಲ್ಲ. ಅವಳ ಮೇಜಿನ ರಾಶಿ ಉಳಿದೆಲ್ಲ ಮೇಜುಗಳಿಗಿಂತ ಎತ್ತರವಾಯಿತು.

ಟೈ ಮೇಷ್ಟ್ರು ಬಂದು ನಿಂತರು. ರಾಶಿ ನೋಡಿದರು, ಪುಕ್ಕಲಿಯನ್ನು ನೋಡಿದರು, ದೊಡ್ಡಕ್ಕನನ್ನು ನೋಡುತ್ತಲೇ ಉಳಿದರು.

“ಎಲ್ಲಾ ಇಲ್ಲಿ ಬನ್ನಿ ಮಕ್ಕಳೇ. ನೋಡಿ, ಒಳ್ಳೇ ಉದಾಹರಣೆ ಸಿಕ್ತು. ಈ ಮೇಜಲ್ಲಿ ಕೆಲಸ ಮಾಡ್ತಿರೋದು ಒಬ್ಬರೇ. ಇನ್ನೊಬ್ಬರು ಬರೀ ಗೂಟ. ಗೂಟಕ್ಕೆ ಸಂಬಳ ಯಾಕೆ ಕೊಡ್ಬೇಕು? ಗೋಡೆಗೆ ಎರಡು ಕೊಕ್ಕೆ ಹೊಡೆದ್ರೆ ಆಯ್ತಲ್ಲ.”

ಮಕ್ಕಳು ನಕ್ಕರು. ಕೆಲವರು ಮೇಷ್ಟ್ರು ನಕ್ಕದ್ದಕ್ಕೆ ನಕ್ಕರು.

ಪುಕ್ಕಲಿ ತಾನು ಮಡಚಿಟ್ಟ ರಾಶಿಯನ್ನು ನೋಡಿದಳು. ಉಳಿಸಲು ಹೋದ ತನ್ನ ಕೈಗಳೇ ದೊಡ್ಡಕ್ಕನನ್ನು ಹಿಡಿದುಕೊಟ್ಟಿದ್ದವು.

“ಗೂಟಾನಾ?” ಇಸ್ತ್ರಿಪೆಟ್ಟಿಗೆ ಮುನ್ನುಗ್ಗಿದ. “ಇಷ್ಟು ದಿನ ನಮ್ಮ ಕಣ್ಣಿಗೆ ಮಣ್ಣೆರಚಿದ್ದೀಯೇನೇ ಮುಂಡೇದೇ? ಹಿಡಿ ಇದನ್ನ, ಒಬ್ಬಳೇ ಮಡಚು. ಏಯ್ ಪುಕ್ಕಲಿ, ಮುಟ್ಟಿದ್ರೆ ನೋಡು! ಏ ಕಾಲೇಜು ಹುಡುಗಿ, ನೀನು ವಾಚು ಒತ್ತಮ್ಮ.”

ಬಿಸಿ ಶೀಟನ್ನು ದೊಡ್ಡಕ್ಕನ ಎದೆಗೆ ಎಸೆದ. ಅವಳು ಎಡಗೈಯಲ್ಲಿ ಒಂದು ಮೂಲೆ ಹಿಡಿದಳು, ಹಲ್ಲಲ್ಲಿ ಇನ್ನೊಂದು ಕಚ್ಚಿದಳು, ಸುಟ್ಟ ಕೈಯಿಂದ ಮೂರನೆಯದಕ್ಕೆ ತಡಕಾಡಿದಳು. ಬೆರಳು ಒಪ್ಪಲಿಲ್ಲ. ಶೀಟು ಉದ್ದಕ್ಕೆ ಜಾರಿ ನೆಲಕ್ಕೆ ಹಾಸಿಕೊಂಡಿತು.

“ಥೂ! ಎತ್ತೇ! ಇನ್ನೊಂದ್ಸಲ!”

ಅಕ್ಕಪಕ್ಕದ ಮೇಜುಗಳ ಕೈಗಳು ನಿಂತವು. ಓಡಿ ಹೋಗಿ ಹಿಡಿಯಬೇಕು ಎಂದು ಪುಕ್ಕಲಿಯ ಮನಸ್ಸು ಕೂಗುತ್ತಿತ್ತು, ಕಾಲು ಕೇಳಲಿಲ್ಲ. ಆಗ ಟಕ್ಕೆಂದು ಸದ್ದಾಯಿತು. ಮಗಳು ವಾಚನ್ನು ಮೇಜಿನ ಮೇಲಿಟ್ಟಿದ್ದಳು. ಕೋಟಿನ ತೋಳು ಮೇಲೆ ಸರಿಸಿ, ಬಗ್ಗಿ, ನೆಲದ ಮೇಲಿನ ಎರಡು ಮೂಲೆ ಎತ್ತಿಕೊಂಡಳು.

“ಹೆಬ್ಬೆರಳಿಗೆ ಸಿಕ್ಕಿಸ್ಕೊಳ್ಳಿ ದೊಡ್ಡಮ್ಮ,” ಅಂದಳು.

“ಏನ್ರೀ ಇದು?” ಮೇಷ್ಟ್ರು ಗದರಿದರು. “ನೀವು ನೋಡೋಕೆ ಬಂದಿರೋದು, ಮಾಡೋಕಲ್ಲ!”

ಇಸ್ತ್ರಿಪೆಟ್ಟಿಗೆ ಮಗಳನ್ನು ಬಿಟ್ಟು ತಾಯಿಯ ಕಡೆ ತಿರುಗಿದ. ಯಾರನ್ನು ಎಲ್ಲಿ ಹಿಸುಕಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

“ಪುಕ್ಕಲೀ. ಬಿಡು ಅಂತ ಹೇಳೇ ಅವಳಿಗೆ. ಒಂದೇ ಮಾತು. ಇಲ್ಲಾಂದ್ರೆ ಅವಳಿಗೆ ಕಾಲೇಜಿಲ್ಲ, ನಿಮಗಿಬ್ಬರಿಗೂ ಈ ಗೇಟಿಲ್ಲ.”

ಬಿಡು ಎಂಬ ಮಾತು ಪುಕ್ಕಲಿಯ ನಾಲಿಗೆಯ ತುದಿಯಲ್ಲೇ ಇತ್ತು. ಹುಟ್ಟಿದಾಗಿನಿಂದ ಅವಳು ಆಡಿಕೊಂಡು ಬಂದದ್ದು ಅದೊಂದೇ ಮಾತು. ಮಗಳು ಅವಳನ್ನೇ ನೋಡುತ್ತಿದ್ದಳು. ದೊಡ್ಡಕ್ಕ ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದಳು.

ಪುಕ್ಕಲಿ ಬಾಯಿ ತೆರೆದಳು.

“ಮೂಲೆ... ಮೂಲೆ ಸರಿಯಾಗಿ ಕೂಡ್ಸು ಮಗಾ,” ಅಂದಳು. “ಬಿಗಿಯಾಗಿ ಜಗ್ಗು.”

ಉರುಳೆಗಳು ಇನ್ನೊಂದು ಶೀಟನ್ನು ಆಚೆ ತಳ್ಳಿದವು. ಪುಕ್ಕಲಿ ಅದರ ಎರಡು ಮೂಲೆ ಹಿಡಿದು, ಉಳಿದ ತುದಿಯನ್ನು ಕೋಟಿನ ಮಕ್ಕಳ ಕಡೆ ಚಾಚಿದಳು.

“ಹಿಡ್ಕೊಳ್ಳಿ ಯಾರಾದ್ರೂ.”

ಮೇಜಿನ ಮೇಲೆ ವಾಚು ಓಡುತ್ತಲೇ ಇತ್ತು. ಮಕ್ಕಳು ಮೇಷ್ಟ್ರ ಮುಖ ನೋಡಿದರು. ಶೀಟಿನ ಆ ತುದಿ ನಿಧಾನವಾಗಿ ನೆಲದ ಕಡೆ ಇಳಿಯುತ್ತಿತ್ತು.